ಮೇಜರನಿಗೆ ಉಣ್ಣೆ ಜ್ವರ ಬಂದಾಗ

ಇವತ್ತೂ ಅಷ್ಟೇ ಆಯಿತು. ಮಗಳು ಸ್ಕೂಲಿಗೆ ಹೋದಳು, ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತರು, ಇನ್ನು ಸ್ವಲ್ಪ ಹೊತ್ತು ನನ್ನದು ಅಂತ ಪೆನ್ನು ಹಿಡಿದರೆ ಬಾಗಿಲು ಬಡಿದ ಸದ್ದು. ಹಿಂದಿನ ಬೀದಿಯ ಅಂಗಡಿಯವರ ಹೆಂಡತಿ. ಕಂಕುಳಲ್ಲಿ ಒಂದು ನಾಯಿಮರಿ.

"ಸ್ವಲ್ಪ ಇದರ ಮೂಗು ಮುಟ್ಟಿ ನೋಡ್ರೀ, ಒಣಗಿದೆ" ಅಂದರು.

ಮುಟ್ಟಿ ನೋಡಿದೆ, ಒಣಗಿತ್ತು. ಹೌದು ಒಣಗಿದೆ ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನಾನೇನು ಡಾಕ್ಟರಾ? ಒಂದು ಸಲ ನಮ್ಮ ಮನೆಯ ನಾಯಿಗೆ ಉಣ್ಣೆ ಕಚ್ಚಿ ಉಣ್ಣೆ ಜ್ವರ ಬಂದದ್ದೇ ಈ ಬಡಾವಣೆಯಲ್ಲಿ ನನಗೆ ದೊಡ್ಡ ಡಿಗ್ರಿ ಸಿಕ್ಕ ಹಾಗಾಗಿದೆ. ಯಾರ ಮನೆಯ ನಾಯಿ ಅನ್ನ ಬಿಟ್ಟರೂ ಮೊದಲು ನಮ್ಮ ಬಾಗಿಲು, ಆಮೇಲೆ ದನದ ಆಸ್ಪತ್ರೆ. ಹೀಗೆ ಕೇಳುವವರು ಬರುತ್ತಲೇ ಇರುತ್ತಾರೆ. ನಾನೂ ಒಲೆ ಮೇಲಿನ ಸಾರು ಉಕ್ಕಿಸಿಕೊಂಡು ಹೇಳಿದ್ದನ್ನೇ ಹೇಳುತ್ತಿರುತ್ತೇನೆ. ಅದಕ್ಕೆ ಒಂದು ಸಲ ಎಲ್ಲ ಬರೆದು ಇಟ್ಟುಬಿಟ್ಟರೆ ನನ್ನ ಬಾಯಿಗೂ ಬಿಡುವು ಅಂತ ಕೂತಿದ್ದೇನೆ.

ಒಂದು ತುತ್ತು ನಿನಗೆ, ಒಂದು ತುತ್ತು ಅವನಿಗೆ

ನಮ್ಮ ಯಜಮಾನರು ಮಂಡ್ಯದ ನಾಲೆ ಆಫೀಸಿನಲ್ಲಿ ಗುಮಾಸ್ತರು. ಅಲ್ಲಿದ್ದ ಇಂಜಿನಿಯರ್ ಸಾಹೇಬರಿಗೆ ವರ್ಗವಾಯಿತು. ಹೊರಡುವಾಗ ಸಾಹೇಬರು ಒಬ್ಬರಿಗೆ ಕುರ್ಚಿ ಕೊಟ್ಟರಂತೆ, ಇನ್ನೊಬ್ಬರಿಗೆ ಹಳೇ ರೇಡಿಯೋ ಕೊಟ್ಟರಂತೆ. ನಮ್ಮ ಯಜಮಾನರಿಗೆ ನಾಯಿ ಕೊಟ್ಟರು. ಅಲ್ಸೇಷನ್ ಜಾತಿಯದು, ನಿಂತ ಕಿವಿ, ಕರುವಿನಷ್ಟು ಎತ್ತರ, ಹೆಸರು ಮೇಜರ್.

"ಮನೆಯಲ್ಲಿ ತಿನ್ನೋರು ಕಮ್ಮಿ ಇದ್ರಾ?" ಅಂತ ಕೇಳಿದೆ.

"ಸಾಹೇಬರು ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತೇನೇ?" ಅಂದರು.

"ಆ ರೇಡಿಯೋ ಬೇಕು ಅನ್ನೋಕಾದ್ರೂ ಆಗ್ತಿತ್ತಲ್ಲ."

ಆದರೆ ನಾನು ಸೋತದ್ದು ಎರಡನೇ ದಿನವೇ. ನನ್ನ ಮಗಳಿಗೆ ಆಗಿನ್ನೂ ಐದು ತುಂಬಿರಲಿಲ್ಲ. ಅವಳಿಗೆ ಊಟ ಮಾಡಿಸುವುದೆಂದರೆ ನನಗೆ ದಿನಾ ಒಂದು ಯುದ್ಧ. ಕಾಗೆ ತೋರಿಸಬೇಕು, ಬಸ್ಸು ತೋರಿಸಬೇಕು, ಅವಳಜ್ಜಿ ಕುಣಿಯಬೇಕು. ಕೆನ್ನೆ ಒಳಗೆ ತುತ್ತು ಇಟ್ಟುಕೊಂಡು ಗಂಟೆಗಟ್ಟಲೆ ನುಂಗುತ್ತಿರಲಿಲ್ಲ. ಅಂಥವಳು ಮೇಜರನ ಪಕ್ಕ ತಟ್ಟೆ ಇಟ್ಟುಕೊಂಡು ಕೂತು, "ಅವನಿಗೊಂದು ತುತ್ತು ಹಾಕು, ಆಮೇಲೆ ನಂಗೆ" ಅಂದಳು. ಅವನಿಗೊಂದು ತುತ್ತು ಮುದ್ದೆ ಹಾಕಿದೆ, ಅವನು ನುಂಗಿದ. ಇವಳಿಗೊಂದು ಕೊಟ್ಟೆ, ಇವಳೂ ನುಂಗಿದಳು. ನನಗೆ ನಂಬಲಾಗಲಿಲ್ಲ. ಇನ್ನೊಂದು, ಮತ್ತೊಂದು, ತಟ್ಟೆ ಖಾಲಿ.

ಸ್ವಲ್ಪ ದಿನಕ್ಕೆ ಅವಳ ಕೆನ್ನೆ ತುಂಬಿಕೊಂಡಿತು. ಮದ್ದೂರಿನಿಂದ ನಮ್ಮಮ್ಮ ಬಂದವಳು ಮೊಮ್ಮಗಳನ್ನು ಎತ್ತಿಕೊಂಡು, ಭಾರ ನೋಡಿ ಬೆರಗಾದಳು.

"ಏನೇ ಇದು, ಯಾವ ಟಾನಿಕ್ ಕೊಡ್ತಿದೀಯ ಮಗೂಗೆ?"

"ನಾಲೆ ಆಫೀಸಿಂದು ಕಣಮ್ಮ. ಅಂಗಡೀಲಿ ಸಿಗಲ್ಲ."

ಯಾವ ಊರಿನ ಉಣ್ಣೆ

ಒಂದು ಬೆಳಿಗ್ಗೆ ಮೇಜರ್ ಏಳಲಿಲ್ಲ. ಕಿವಿ ಮುಟ್ಟಿದರೆ ಕಾದ ಹೆಂಚು. ಮುದ್ದೆ ಇಟ್ಟರೆ ಮೂಸಲೂ ಇಲ್ಲ, ಮುಖ ಆ ಕಡೆ ತಿರುಗಿಸಿದ. ಅವನು ತಿರುಗಿಸಿದ್ದೇ ತಡ, ನನ್ನ ಮಗಳೂ ತನ್ನ ತಟ್ಟೆ ಆ ಕಡೆ ತಳ್ಳಿದಳು.

"ಅವನು ತಿಂದ್ರೆ ತಿಂತೀನಿ."

ಆ ದಿನ ತಳ್ಳಿದ ತಟ್ಟೆ ಮಾರನೇ ದಿನವೂ ತಳ್ಳಿದಳು. ಬೈದೆ, ಮುದ್ದು ಮಾಡಿದೆ, ಬೆನ್ನಿಗೆ ಒಂದು ಬಿಟ್ಟೆ. ಒಂದು ಲೋಟ ಹಾಲು ಕುಡಿದರೆ ಅದೇ ಹೆಚ್ಚು. ಅಲ್ಲಿಗೆ ನನ್ನ ಪಾಡು ಸ್ಪಷ್ಟವಾಯಿತು. ಈ ನಾಯಿ ತಿನ್ನುವವರೆಗೆ ನನ್ನ ಮಗು ತಿನ್ನುವುದಿಲ್ಲ.

ಮೈ ತಡವಿ ನೋಡಿದರೆ ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ, ರಕ್ತ ಕುಡಿದು ಹರಳು ಬೀಜದ ಹಾಗೆ ಉಬ್ಬಿದ ಉಣ್ಣೆಗಳು. ಆ ತಿಂಗಳಲ್ಲಿ ಅವನನ್ನು ಎರಡು ಊರಿಗೆ ಕರೆದುಕೊಂಡು ಹೋಗಿದ್ದೆವು. ನನ್ನ ತವರು ಮದ್ದೂರಿಗೆ ಒಮ್ಮೆ, ಮಳವಳ್ಳಿ ಹತ್ತಿರದ ಅತ್ತೆಯ ಊರು ಬೆಳಕವಾಡಿಗೆ ಒಮ್ಮೆ. ಅಷ್ಟು ಸಾಕಾಯಿತು.

"ಇದು ಮದ್ದೂರಿಂದ ಬಂದಿರೋ ಉಣ್ಣೆ ಕಣವ್ವ" ಅಂದರು ಅತ್ತೆ. "ಅಲ್ಲಿ ಒಳೆ ದಂಡೇಲಿ ದನ, ಕತ್ತೆ, ಬೀದಿನಾಯಿ ಎಲ್ಲ ಒಟ್ಗೇ ಬಿದ್ಕೊಂಡಿರ್ತವೆ."

ಅಮ್ಮ ಅವತ್ತು ಇಲ್ಲೇ ಇದ್ದಳು. ಸುಮ್ಮನಿರುವವಳೇ? "ನಮ್ಮೂರಲ್ಲಿ ನಾನು ಹುಟ್ಟಿದಾಗಿಂದ ಒಂದು ಉಣ್ಣೆ ಕಂಡಿಲ್ಲ ಬೀಗರೇ. ಕುರಿ ಮಂದೆ ಇರೋದು ನಿಮ್ಮ ಮಳವಳ್ಳಿ ಕಡೆ."

ಇಬ್ಬರೂ ಮದುವೆ ಸಮಯದಲ್ಲಿ ಮಾಡಿಕೊಳ್ಳದೆ ಉಳಿಸಿಕೊಂಡಿದ್ದ ಜಗಳ ಅವತ್ತು ಮಾಡಿಕೊಂಡರು. ಕೊನೆಗೆ ಅತ್ತೆ ಮೇಜರನ ಕಿವಿಯಿಂದ ಒಂದು ಉಣ್ಣೆ ಕಿತ್ತು ಅಂಗೈಯಲ್ಲಿಟ್ಟು ಅಮ್ಮನ ಮುಖದ ಹತ್ತಿರ ಹಿಡಿದರು.

"ನೋಡಿ ಬೀಗಿತ್ತಿ, ಇದ್ರ ಮೈಯ ಸರಿಯಾಗಿ ನೋಡಿ. ನಮ್ಮೂರ ಉಣ್ಣೆ ಇಷ್ಟು ದಪ್ಪಕಿರಾಕಿಲ್ಲ. ನಮ್ಮೂರಲ್ಲಿ ಎಲ್ಲಾ ದುಡುದು ತಿಂತವೆ."

ದನದ ಆಸ್ಪತ್ರೆ

ಮೇಜರನನ್ನು ಜಟಕಾದಲ್ಲಿ ಮಲಗಿಸಿಕೊಂಡು, ಮಗಳನ್ನೂ ಕರೆದುಕೊಂಡು ದನದ ಆಸ್ಪತ್ರೆಗೆ ಹೋದೆವು. ಯಜಮಾನರು ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದರು. ರಜೆಗೆ ಕಾರಣ ಮನೆಯಲ್ಲಿ ಕಾಯಿಲೆ ಅಂತ ಬರೆದರಂತೆ. ಯಾರಿಗೆ ಅಂತ ಬರೆಯಲಿಲ್ಲವಂತೆ.

ಅಲ್ಲಿ ನಮ್ಮ ಮುಂದೆ ಯಲಿಯೂರಿನ ಒಬ್ಬ ರೈತ ಎಮ್ಮೆ ಹಿಡಿದುಕೊಂಡು ನಿಂತಿದ್ದ. ನಾವು ನಾಯಿಯನ್ನು ಇಬ್ಬರೂ ಹೊತ್ತು ತಂದದ್ದನ್ನು ನೋಡಿದ.

"ಏನಾಗದೆ ತಾಯಿ?"

"ಜ್ವರ."

"ನಾಯ್ಗೆ ಜ್ವರ ಅಂತ ಎಂಗೆ ಗೊತ್ತಾಯ್ತು?"

"ಮೈ ಮುಟ್ಟಿ ನೋಡಿದೆ."

ಅವನು ತಲೆಯಾಡಿಸಿದ. "ನಮ್ಮನೆ ನಾಯ ಮೈ ಮುಟ್ಟಕೋದ್ರೆ ಆಮೇಲೆ ಆಸ್ಪತ್ರೆಗೆ ನಾವೇ ಬರ್ಬೇಕಾಯ್ತದೆ ಕಣಮ್ಮ."

ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಮೇಜರನ ತುಟಿ ಎತ್ತಿ ವಸಡು ನೋಡಿದರು. ಬಿಳುಚಿಕೊಂಡಿದೆ ಅಂದರು. ಕಿವಿ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಚೂರಿನ ಮೇಲೆ ಸವರಿದರು. ಆಮೇಲೆ ಪ್ರಶ್ನೆ ಶುರು ಮಾಡಿದರು.

"ವಯಸ್ಸೆಷ್ಟು?"

"ಗೊತ್ತಿಲ್ಲ. ಬೆಳೆದ ಮೇಲೆ ನಮ್ಮನೆಗೆ ಬಂದದ್ದು."

"ಎಲ್ಲಿ ಮಲಗುತ್ತೆ? ದನದ ಕೊಟ್ಟಿಗೆಯಲ್ಲಾ?"

"ಇಲ್ಲ, ನನ್ನ ಮಗಳ ಚಾಪೆ ಪಕ್ಕ."

"ಅಕ್ಕಪಕ್ಕ ಬೇರೆ ನಾಯಿ ಇದೆಯಾ? ಅದರ ಸಹವಾಸ ಉಂಟಾ? ಇತ್ತೀಚೆಗೆ ಬೇರೆ ಊರಿಗೆ ಹೋಗಿತ್ತಾ? ನಿಮ್ಮ ಮನೆ ಗೋಡೆ ಗಾರೆಯದಾ, ಮಣ್ಣಿನದಾ? ಬಿರುಕಿದೆಯಾ? ಮೊದಲು ಉಣ್ಣೆ ಇತ್ತಾ, ಈ ಬೇಸಿಗೆಯಲ್ಲೇ ಬಂದದ್ದಾ?"

ನನಗೆ ಆಶ್ಚರ್ಯವಾಯಿತು. ನಾಯಿಯ ಜ್ವರಕ್ಕೂ ನಮ್ಮ ಮನೆ ಗೋಡೆಗೂ ಏನು ಸಂಬಂಧ ಅಂತ ಕೇಳಿಯೇಬಿಟ್ಟೆ. ಅವರು ಹೇಳಿದರು: ನಾಯಿ ಮೈಮೇಲೆ ಕಾಣುವ ಉಣ್ಣೆ ಸ್ವಲ್ಪ, ಹೆಚ್ಚಿನವು ಇರುವುದು ಗೋಡೆ ಬಿರುಕಿನಲ್ಲಿ, ಪಟದ ಹಿಂದೆ, ಬಾಗಿಲ ಸಂದಿಯಲ್ಲಿ. ಹೊಟ್ಟೆ ತುಂಬಿದ ಮೇಲೆ ಕೆಳಗೆ ಬಿದ್ದು ಅಲ್ಲಿ ಸೇರಿಕೊಳ್ಳುತ್ತವೆ, ಮೊಟ್ಟೆ ಇಡುತ್ತವೆ. ಕೆಲವು ಉಣ್ಣೆಯ ಒಳಗೆ ಕಣ್ಣಿಗೆ ಕಾಣದ ಸೂಕ್ಷ್ಮಾಣು ಇರುತ್ತದೆ, ಕಚ್ಚಿದಾಗ ಅದು ನಾಯಿಯ ರಕ್ತಕ್ಕೆ ಇಳಿಯುತ್ತದೆ.

"ಪಕ್ಕದ ಮನೆ ನಾಟಿ ನಾಯಿ ಮೈತುಂಬ ಉಣ್ಣೆ ಇದೆ ಡಾಕ್ಟ್ರೇ. ಅದು ಕುಣಿದಾಡಿಕೊಂಡಿದೆ. ನಮ್ಮದಕ್ಕೇ ಯಾಕೆ?"

"ಎಲ್ಲ ಉಣ್ಣೆಯಲ್ಲೂ ಇರೋಲ್ಲಮ್ಮ. ಇದ್ದದ್ದು ಕಚ್ಚಿದರೂ ಎಲ್ಲ ನಾಯಿಗೂ ಒಂದೇ ಥರ ಆಗೋಲ್ಲ. ಕೆಲವು ತಡ್ಕೊಳ್ತವೆ. ಈ ಅಲ್ಸೇಷನ್ನುಗಳು ನೋಡೋಕೆ ಜೋರು, ಇಂಥದ್ದು ಬಂದ್ರೆ ಬೇಗ ಕುಸೀತವೆ."

ಬೆಳಿಗ್ಗೆ ಸಂಜೆ ಕೊಡಲು ಕ್ಯಾಪ್ಸೂಲು ಬರೆದರು. ಹಾಲಿನ ಜೊತೆ ಕೊಡಬೇಡಿ, ಅರ್ಧಕ್ಕೆ ನಿಲ್ಲಿಸಬೇಡಿ ಅಂದರು. "ಹೊಟ್ಟೆಗೆ ಏನಾದ್ರೂ ಇಳಿಸಿ. ತಾನಾಗಿ ತಿನ್ನೋಕೆ ಶುರು ಮಾಡಿದ್ರೆ ಉಳೀತು ಅಂತ ಇಟ್ಕೊಳ್ಳಿ. ಇಲ್ಲದಿದ್ರೆ ಹೇಳೋಕಾಗಲ್ಲ."

ಮಗಳು ನನ್ನ ಸೆರಗು ಹಿಡಿದುಕೊಂಡು ಇದನ್ನೆಲ್ಲ ಕೇಳಿಸಿಕೊಂಡಳು. ಸೆರಗನ್ನು ಇನ್ನಷ್ಟು ಕೈಗೆ ಸುತ್ತಿಕೊಂಡಳು. ಅದಕ್ಕೇ ನನಗೆ ಭಯವಾಯಿತು. ಆ ಭಯಕ್ಕೋ ಏನೋ, ಹೊರಗೆ ಬಂದ ಮೇಲೆ ನನ್ನ ನಾಲಿಗೆ ಯಜಮಾನರ ಮೇಲೆ ಹರಿಯಿತು.

"ವಯಸ್ಸು, ಊರು, ಸಹವಾಸ, ಮನೆ ಗೋಡೆ ಎಲ್ಲ ಕೇಳಿದ್ರು ನೋಡಿ. ನಮ್ಮಪ್ಪ ಇದರಲ್ಲಿ ಅರ್ಧ ಕೇಳಿದ್ರೂ ನಾನು ಈ ಮನೆಗೆ ಬರ್ತಿರಲಿಲ್ಲ."

ಯಜಮಾನರು ಮೇಜರನ ಕತ್ತಿನ ಪಟ್ಟಿ ಸರಿಮಾಡಿದರು. ಉತ್ತರ ಕೊಟ್ಟದ್ದು ಎಮ್ಮೆ ಹಿಡಿದಿದ್ದವನು. "ನೀವ್ ಬಂದ್ರಿ ಸರಿ ತಾಯಿ. ಅವ್ರು ನಿಮ್ಮ ಬಗ್ಗೆ ಇಚಾರ್ಸಿದ್ರೋ ಇಲ್ವೋ."

ಗೋಡೆ ಆ ಕಡೆ, ಗೋಡೆ ಈ ಕಡೆ

ಮನೆಯ ಬಿರುಕಿಗೆಲ್ಲ ಸುಣ್ಣ ಮೆತ್ತಿದೆವು. ದೇವರ ಪಟಗಳನ್ನೆಲ್ಲ ಇಳಿಸಿ ಹಿಂದೆ ನೋಡಿದೆವು. ಒಂದು ಪಟದ ಹಿಂದೆ ಉಣ್ಣೆಗಳ ಒಂದು ದೊಡ್ಡ ಸಂಸಾರವೇ ಇತ್ತು. ಅದು ಯಾವ ದೇವರು ಅಂತ ಬರೆಯುವುದಿಲ್ಲ. ಮೇಜರನ ಮೈಯಿಂದ ದಿನಾ ಆರಿಸಿ ಸೀಮೆಎಣ್ಣೆಗೆ ಹಾಕಿದೆವು. ಆದರೂ ಮಾರನೇ ದಿನ ನೋಡಿದರೆ ಹೊಸವು ಹತ್ತಿರುತ್ತಿದ್ದವು. ಇವು ಎಲ್ಲಿಂದ ಬರುತ್ತವೆ ಅನ್ನುವುದು ನನ್ನ ತಲೆ ಹೊಕ್ಕಿತು. ಪಾತ್ರೆ ತಿಕ್ಕುವುದು ಬಿಟ್ಟು ಹಿತ್ತಿಲ ಬಾಗಿಲಲ್ಲಿ ಕಾಯುತ್ತ ಕೂತೆ.

ಅವತ್ತು ಸೋಮವಾರ. ಅತ್ತೆ ಮೇಜರನ ಉಣ್ಣೆ ಆರಿಸಿ ತೆಂಗಿನ ಚಿಪ್ಪಿಗೆ ಹಾಕಿಕೊಂಡರು. ಸೀಮೆಎಣ್ಣೆ ಡಬ್ಬದ ಹತ್ತಿರ ಹೋಗದೆ, ಪಕ್ಕದ ಮೇಷ್ಟರ ಮನೆಗೂ ನಮಗೂ ನಡುವಿನ ಮೋಟು ಗೋಡೆಯ ಹತ್ತಿರ ಹೋದರು. ಚಿಪ್ಪನ್ನು ಆ ಕಡೆ ಬೋರಲು ಹಾಕಿದರು.

"ಅತ್ತೆಮ್ಮ, ಏನು ಮಾಡ್ತಿದೀರಿ?"

"ಸೋಮಾರ ಅಲ್ವಾ ಕಣೇ. ಸೋಮಾರ ಎತ್ತಿನ ಎಗಲ್ಗೂ ನೊಗ ಇಡಾಕಿಲ್ಲ ನಮ್ಮಲ್ಲಿ. ಜೀವ ತೆಗೆಯೋದುಂಟಾ? ಅದ್ಕೇ ಆಚೆ ಬುಟ್ಟೆ. ಎಂಗೋ ಬದುಕ್ಕೊಳ್ಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಆ ಕಡೆಯಿಂದ ಬಳೆ ಸದ್ದಾಯಿತು. ಒಂದು ಕೈ ಮೇಲೆ ಬಂತು. ಕೈಯಲ್ಲಿ ಬಾಳೆ ಎಲೆಯ ಚೂರು. ಎಲೆ ಮಗುಚಿಕೊಂಡಿತು, ಅದರಲ್ಲಿದ್ದದ್ದೆಲ್ಲ ಅತ್ತೆಯ ಕಾಲ ಹತ್ತಿರ ಉದುರಿತು. ಎಲ್ಲ ಉಣ್ಣೆ, ಎಲ್ಲಕ್ಕೂ ಜೀವ ಇತ್ತು.

ಕಲ್ಲಿನ ಮೇಲೆ ನಿಂತು ಗೋಡೆಯಾಚೆ ಇಣುಕಿದೆ. ಮೇಷ್ಟರ ಹೆಂಡತಿ, ಪಕ್ಕದಲ್ಲಿ ಅವರ ಬಿಳಿ ನಾಟಿ ನಾಯಿ.

"ಏನ್ರೀ ಇದು?"

ಅವರು ಸ್ವಲ್ಪವೂ ಬೆಚ್ಚಲಿಲ್ಲ. "ಅಯ್ಯೋ, ನೀವಿದ್ರಾ. ನಾವು ಹಿಂಸೆ ಮಾಡೋ ಹಾಗಿಲ್ಲ ನೋಡಿ. ನಿಮ್ಮಲ್ಲಿ ಮಾಡ್ತೀರಲ್ಲ, ಅದಕ್ಕೆ ದಿನಾ ನಿಮ್ಮ ಕಡೆ ಕಳಿಸ್ತಿದ್ದೆ."

ನನಗೆ ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಜಗಳವನ್ನೇ ಆರಿಸಿಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ತುಂಬ ಮರ್ಯಾದೆಯಿಂದ ಅವರಿಗೆ ಹೇಳಿದರು.

"ಸರಿ ಕಣಮ್ಮ, ಬ್ಯಾರೆ ದಿನ ಆದ್ರೆ ಪರ್ವಾಗಿಲ್ಲ. ಸೋಮಾರ ಮಾತ್ರ ಕಳುಸ್ಬ್ಯಾಡಿ. ಸೋಮಾರ ನಾವೂ ನಿಮ್ಮಂಗೇಯ."

ಕೊನೆಗೆ ಗೋಡೆಯ ಮೇಲೆ ಒಂದು ಸೀಮೆಎಣ್ಣೆ ಡಬ್ಬ ಇಟ್ಟೆವು. ಮೇಷ್ಟರ ಹೆಂಡತಿ ಉಣ್ಣೆ ತಂದು ಡಬ್ಬದ ಪಕ್ಕಕ್ಕೆ ಇಡುತ್ತಾರೆ, ಒಳಗೆ ಹಾಕುವುದಿಲ್ಲ. ಅತ್ತೆ ಒಳಗೆ ತಳ್ಳುತ್ತಾರೆ. ಸೋಮವಾರದ ಪಾಪವೆಲ್ಲ ಸೊಸೆಯದು.

ಒಳಲೆ

ಹೊಸ ಉಣ್ಣೆ ಹತ್ತುವುದು ನಿಂತಿತು, ಆದರೆ ಹತ್ತಿದ್ದ ಜ್ವರ ಬಿಡಲಿಲ್ಲ. ಕ್ಯಾಪ್ಸೂಲು ನುಂಗಿಸುವುದೇ ಆಗಲಿಲ್ಲ. ಬಾಯಿ ತೆರೆದು ಗಂಟಲಲ್ಲಿ ಇಟ್ಟರೆ ನಾಲಿಗೆಯಿಂದ ತಳ್ಳುತ್ತಿದ್ದ. ಅಮ್ಮ ಮದ್ದೂರಿನಿಂದ ವಡೆ ಕಳಿಸಿದಳು, ಅದರೊಳಗೆ ಇಟ್ಟು ಕೊಡು ಅಂತ. ಮೇಜರ್ ವಡೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಯಜಮಾನರು ಸಂಜೆ ಬಂದು ತಟ್ಟೆಯಲ್ಲಿದ್ದ ವಡೆ ತಿಂದರು. ಅರ್ಧ ತಿಂದ ಮೇಲೆ, "ಈ ಸಲ ನಿಮ್ಮಮ್ಮನ ವಡೆ ಕಹಿ" ಅಂದರು. ಅವರಿಗೆ ಆಮೇಲೆ ಏನೂ ಆಗಲಿಲ್ಲ, ಅದನ್ನೂ ಹೇಳಿಬಿಡಬೇಕು.

ಮಗಳ ಕುತ್ತಿಗೆ ಮೂಳೆ ಕಾಣತೊಡಗಿತ್ತು. ನಾನು ಅಂಗಳದಲ್ಲಿ ಕೂತು ಯೋಚಿಸಿದೆ. ಉಣ್ಣದ, ನುಂಗದ, ಉಗುಳುವ ಜೀವಕ್ಕೆ ಔಷಧಿ ಹಾಕುವುದು ನನಗೆ ಗೊತ್ತಿಲ್ಲದ ಕೆಲಸವೇ? ಇವಳಿಗೆ ಹರಳೆಣ್ಣೆ ಕುಡಿಸಿ ಬೆಳೆಸಿದವಳು ನಾನು. ಒಳಗೆ ಹೋಗಿ ಒಳಲೆ ತಂದೆ. ಎಳೆ ಮಕ್ಕಳಿಗೆ ಹಾಲು, ಔಷಧಿ ಹಾಕುವ ಮೂತಿಯ ಬಟ್ಟಲು, ನಮ್ಮನೆಯದು ಬೆಳ್ಳಿಯದು. ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ತೆಳ್ಳನೆಯ ರಾಗಿ ಗಂಜಿಗೆ ಕಲಸಿದೆ. ಜಗಲಿ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಮೇಜರನನ್ನು ಮಗುವಿನ ಹಾಗೆ ಕಾಲ ಮೇಲೆ ಅಂಗಾತ ಮಲಗಿಸಿಕೊಳ್ಳಲು ನೋಡಿದೆ. ಮುಂದಿನ ಅರ್ಧ ನನ್ನ ಮೇಲೆ ಬಂತು, ಹಿಂದಿನ ಅರ್ಧ ಜಗಲಿಯಿಂದ ಕೆಳಗೆ ಜೋತಾಡಿತು. ಮಗಳು ಪಕ್ಕದಲ್ಲಿ ಕೂತು ಅವನ ಕಾಲು ಹಿಡಿದುಕೊಂಡಳು.

"ಅಮ್ಮ, ಮೂಗು ಹಿಡೀಬೇಡ. ನಂಗೆ ಹಿಡಿದಾಗ ನಂಗಿಷ್ಟ ಆಗ್ತಿರ್ಲಿಲ್ಲ" ಅಂದಳು.

ಆಗ ಅತ್ತೆ ಒಳಗಿನಿಂದ ಬಂದರು. ಒಳಲೆ ನೋಡಿದರು, ನಾಯಿ ನೋಡಿದರು.

"ಲೇ, ಅದು ನನ್ ಮಗ ಕುಡ್ದ ಒಳಲೆ ಕಣೇ."

"ನಿಮ್ಮ ಮಗ ಅದರಲ್ಲಿ ಕುಡಿದು ಬದುಕಲಿಲ್ವಾ ಅತ್ತೆಮ್ಮ. ಇವನೂ ಬದುಕಲಿ ಬಿಡಿ."

ಅತ್ತೆ ಬೈಯಲು ಉಸಿರು ಎಳೆದುಕೊಂಡರು. ಮೊಮ್ಮಗಳ ಮುಖ ನೋಡಿದರು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟರು. "ನಾಯ್ಗೂ ನಮ್ಮಂಗೆ ಅಂಗಾತ ಮನುಗ್ಸಿ ಕುಡುಸ್ತಾರಾ? ಗಂಟ್ಲಿಗೆ ಸಿಕ್ಕಾಕೊಂಡು ಸಾಯ್ತದೆ. ಕುಂಡ್ರುಸ್ಕೋಬೇಕು, ಕೆನ್ನೆ ಪಕ್ಕದಿಂದ ಬುಡ್ಬೇಕು. ಸರ್ಕೋ, ಇಲ್ಲಿ ಕೊಡು" ಅಂದು ನನ್ನ ಜಾಗದಲ್ಲಿ ಕೂತರು. ಮೇಜರನನ್ನು ಎದೆಗೆ ಒರಗಿಸಿಕೊಂಡು, ಕೆನ್ನೆ ಮೂಲೆಯಲ್ಲಿ ಒಳಲೆಯ ಮೂತಿ ಇಟ್ಟು, "ಕುಡಿ ನನ್ನಪ್ಪ, ಕುಡಿ ನನ್ ದೊರೆ" ಅಂತ ಸ್ವಲ್ಪ ಸ್ವಲ್ಪವೇ ಬಿಟ್ಟರು. ಮೇಜರ್ ಗುಟುಕು ಗುಟುಕಾಗಿ ನುಂಗಿದ.

ಯಜಮಾನರು ಸೈಕಲ್ ಒರಗಿಸಿ ಒಳಗೆ ಬಂದಾಗ ಕಂಡದ್ದು ಇದು: ಹೆತ್ತ ತಾಯಿಯ ಮಡಿಲಲ್ಲಿ ಸಾಹೇಬರ ನಾಯಿ, ಅದರ ಬಾಯಲ್ಲಿ ತಮ್ಮ ಬೆಳ್ಳಿ ಒಳಲೆ. ಊಟದ ಡಬ್ಬಿ ಕೆಳಗಿಟ್ಟರು.

"ಅವ್ವ, ನಂಗೂ ಹಿಂಗೇ ಕುಡಿಸ್ತಿದ್ಯಾ?"

ಅತ್ತೆ ತಲೆ ಎತ್ತಲಿಲ್ಲ. "ನೀನೆಲ್ಲಿ ಇಷ್ಟು ಸಲೀಸಾಗಿ ಕುಡೀತಿದ್ದೆ ಬುಡ್ಲಾ."

ಯಾರೂ ಹೇಳದ ಉತ್ತರ

ಒಳಲೆಯ ಔಷಧಿ ಹೀಗೇ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಮಗಳ ತಟ್ಟೆಯ ಕಡೆ ಮೇಜರ್ ಕತ್ತು ಚಾಚಿದ. ಮೂಸಿದ. ನಾನು ಒಂದು ತುತ್ತು ಮುದ್ದೆ ಅವನ ಮುಂದೆ ಇಟ್ಟೆ. ನೆಕ್ಕಿದ, ನುಂಗಿದ, ಇನ್ನೆಲ್ಲಿ ಅನ್ನುವ ಹಾಗೆ ನನ್ನ ಕೈ ನೋಡಿದ. ಮಗಳು ಬಾಯಿ ತೆರೆದಳು. ಅವಳ ಬಾಯಿಗೆ ತುತ್ತು ಇಟ್ಟು, ಹೊಗೆ ಜಾಸ್ತಿಯಾಯಿತು ಅಂತ ಹೇಳಿ ಎದ್ದು ಒಳಗೆ ಹೋದೆ. ಒಲೆ ಬೆಳಿಗ್ಗೆಯೇ ಆರಿತ್ತು.

ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೂ ಸಂತೋಷವಾಯಿತು. ಮೇಜರನ ವಸಡು ಕೆಂಪಗಾಗಿತ್ತು. ಅವರು ಮಗಳನ್ನು ಮೇಜಿನ ಮೇಲೆ ಕೂರಿಸಿಕೊಂಡು, ಜ್ವರ ಹೇಗೆ ಬಂತು ಅಂತ ಕಥೆಯ ಹಾಗೆ ಹೇಳಿದರು. ಕಾಯಿಲೆ ನಾಯಿಯ ರಕ್ತವನ್ನು ಒಂದು ಉಣ್ಣೆ ಕುಡಿಯುತ್ತೆ. ಸೂಕ್ಷ್ಮಾಣು ಅದರ ಹೊಟ್ಟೆಗೆ ಹೋಗುತ್ತೆ. ಉಣ್ಣೆ ಗೋಡೆ ಸಂದಿಯಲ್ಲಿ ಮಲಗಿ, ಚರ್ಮ ಕಳಚಿ ದೊಡ್ಡದಾಗಿ, ಮತ್ತೊಂದು ನಾಯಿಯನ್ನು ಕಚ್ಚಿ ಜ್ವರ ಅಂಟಿಸುತ್ತೆ.

ಮಗಳು ಕೇಳಿಸಿಕೊಂಡಳು. "ಉಣ್ಣೆಗೆ ಜ್ವರ ಬರಲ್ವಾ?"

"ಬರಲ್ಲ ಮರಿ."

"ಯಾಕೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನಿಮ್ಮಪ್ಪನ್ನ ಕೇಳು. ಅವರು ಆಫೀಸಿನಲ್ಲಿರೋರು" ಅಂದರು.

ಯಜಮಾನರನ್ನು ಕೇಳಿದಳು. "ಅದು ನಮ್ಮ ಇಲಾಖೆಗೆ ಬರಲ್ಲಮ್ಮ. ನಮ್ಮದು ನಾಲೆ. ಅಜ್ಜಿನ ಕೇಳು" ಅಂದರು.

ಅತ್ತೆಯನ್ನು ಕೇಳಿದಳು. "ಉಣ್ಣೆ ಅಣೆ ಯಾರವ್ವ ಮುಟ್ಟಿ ನೋಡಿರೋರು? ಬಂದಿದ್ರೂ ಬಂದಿರ್ತದೆ. ನಿಮ್ಮವ್ವನ್ನ ಕೇಳು, ಎಸ್ಸೆಸ್ಸೆಲ್ಸಿ ಓದವ್ಳೆ" ಅಂದರು.

ಸಂಜೆ ಊಟಕ್ಕೆ ಕೂರಿಸಿದೆ. ಮೇಜರ್ ತನ್ನ ತುತ್ತು ನುಂಗಿ ಬಾಲ ಅಲ್ಲಾಡಿಸುತ್ತ ಕಾಯುತ್ತಿದ್ದ. ಮಗಳು ತನ್ನ ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡಳು. ನುಂಗು ಅಂದೆ. ಹೇಳಿದ್ರೆ ನುಂಗ್ತೀನಿ ಅನ್ನುವ ಹಾಗೆ ಬೆರಳೆತ್ತಿದಳು. ನಾನು ಸಾರಿನ ಪಾತ್ರೆ ನೋಡಿದೆ, ಸೂರು ನೋಡಿದೆ, ಮೇಜರನನ್ನು ನೋಡಿದೆ. ಅವಳು ಉಬ್ಬಿದ ಕೆನ್ನೆಯಲ್ಲೇ ಕೇಳಿದಳು:

"ಮೇಜರ್ ಇಷ್ಟು ದೊಡ್ಡೋನು, ಅವನೇ ಮಲಗಿಬಿಟ್ಟ. ಉಣ್ಣೆ ಇಷ್ಟೇ ಇಷ್ಟಿದೆ. ಹೊಟ್ಟೆ ತುಂಬ ಅದೇ ಜ್ವರ ಇಟ್ಕೊಂಡು ಅದು ಹೆಂಗಮ್ಮ ಓಡಾಡುತ್ತೆ?"